ಎಡಿಸನ್ ಮತ್ತು ವಿದ್ಯುತ್ ಬಂಡಿ

ದೂರದ ಪ್ರಯಾಣಕ್ಕೆ ಹೊರಡುವವರು ಬುತ್ತಿ ಕಟ್ಟಿಕೊಳ್ಳುವುದು ನಮ್ಮ ನಾಡಿನ ಹಳೆಯ ರೂಢಿ. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಹೂಡಿಕೊಂಡು ಹೊರಟವರು ತಮಗೆ ರೊಟ್ಟಿಯ ಬುತ್ತಿಯನ್ನೂ ಎತ್ತುಗಳಿಗೆ ಮೇವನ್ನೂ ಕಟ್ಟಿಕೊಂಡೇ ಬಂಡಿ ಏರುತ್ತಿದ್ದರು. ಕಟ್ಟಿದ ಬುತ್ತಿ ಎಷ್ಟು ದೂರಕ್ಕೆ ಸಾಕಾಗುವುದು, ಮುಂದಿನ ಬಾವಿ ಎಲ್ಲಿದೆ ಎಂಬ ಲೆಕ್ಕ ತಪ್ಪಿದರೆ ನಡುದಾರಿಯಲ್ಲಿ ಕಷ್ಟ ತಪ್ಪುತ್ತಿರಲಿಲ್ಲ. ವಾಹನಗಳು ಬದಲಾದರೂ ಈ ಲೆಕ್ಕ ಬದಲಾಗಿಲ್ಲ. ಪೆಟ್ರೋಲಿನ ಕಾರಿಗೆ ಪೆಟ್ರೋಲೇ ಬುತ್ತಿ. ವಿದ್ಯುತ್ ಕಾರಿಗೆ ಬ್ಯಾಟರಿಯಲ್ಲಿ ಕೂಡಿಟ್ಟ ವಿದ್ಯುತ್ತೇ ಬುತ್ತಿ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಸಾಗುವ ಸುಮಾರು ೪೧೦ ಕಿಲೋಮೀಟರುಗಳ ಹೆದ್ದಾರಿಯಲ್ಲಿ ಇಂದು ಹೊಗೆಯುಗುಳದ, ಸದ್ದು ಮಾಡದ ವಿದ್ಯುತ್ ಕಾರುಗಳು ಓಡುತ್ತಿವೆ. ಇದು ತೀರ ಈಚಿನ ಕಾಲದ ವಾಹನವೆಂದು ಅನೇಕರು ತಿಳಿದಿದ್ದಾರೆ. ಆದರೆ ಇಂಥ ಕಾರು ಊರ ಗಡಿಯನ್ನು ದಾಟಿ ದೂರದ ದಾರಿಯನ್ನು ಕ್ರಮಿಸಬೇಕೆಂದು ಹಂಬಲಿಸಿ, ಅದಕ್ಕೆ ತಕ್ಕ ಬುತ್ತಿಯನ್ನು ಸಿದ್ಧಪಡಿಸಲು ಒಬ್ಬ ವಿಜ್ಞಾನಿ ನೂರು ವರ್ಷಗಳಿಗೂ ಹಿಂದೆಯೇ ತನ್ನ ಬಾಳಿನ ಹತ್ತು ವರ್ಷಗಳನ್ನು ಸವೆಸಿದನು. ಅವನೇ ಥಾಮಸ್ ಆಲ್ವಾ ಎಡಿಸನ್. ವಿದ್ಯುದ್ದೀಪದ ಎಡಿಸನ್ನನನ್ನು ಅರಿಯದವರಿಲ್ಲ. ವಿದ್ಯುತ್ ಬಂಡಿಯ ಎಡಿಸನ್ನನನ್ನು ಅರಿತವರು ವಿರಳ.

ಎಡಿಸನ್ ೧೮೪೭ನೆಯ ಫೆಬ್ರವರಿ ೧೧ರಂದು ಅಮೆರಿಕದ ಓಹಾಯೋ ಸಂಸ್ಥಾನದ ಮಿಲಾನ್ ಎಂಬ ಚಿಕ್ಕ ಊರಿನಲ್ಲಿ ಜನಿಸಿದನು. ತಂದೆ ಸ್ಯಾಮುಯೆಲ್, ತಾಯಿ ನ್ಯಾನ್ಸಿ. ಅವರ ಏಳು ಮಕ್ಕಳಲ್ಲಿ ಇವನೇ ಕಡೆಯವನು. ೧೮೫೪ರಲ್ಲಿ ಈ ಕುಟುಂಬವು ಮಿಷಿಗನ್ ಸಂಸ್ಥಾನದ ಪೋರ್ಟ್ ಹ್ಯೂರನ್ ಎಂಬ ಊರಿಗೆ ಬಂದು ನೆಲೆಸಿತು. ಅಲ್ಲಿ ಬಾಲಕನನ್ನು ಶಾಲೆಗೆ ಸೇರಿಸಿದರಾದರೂ ಅವನ ಶಾಲಾ ವಿದ್ಯಾಭ್ಯಾಸ ಕೆಲವೇ ತಿಂಗಳುಗಳಲ್ಲಿ ಮುಗಿಯಿತು. ಕಂಡದ್ದನ್ನೆಲ್ಲ ಏಕೆ, ಹೇಗೆ ಎಂದು ಕೇಳುತ್ತಿದ್ದ ಹುಡುಗನನ್ನು ಉಪಾಧ್ಯಾಯರು ಮಂದಮತಿಯೆಂದು ಬಗೆದರು. ಹಿಂದೆ ತಾನೂ ಶಿಕ್ಷಕಿಯಾಗಿದ್ದ ನ್ಯಾನ್ಸಿ ಮಗನನ್ನು ಮನೆಗೆ ಕರೆತಂದು ತಾನೇ ಪಾಠ ಹೇಳತೊಡಗಿದಳು. ಆಕೆ ಮಗನ ಪ್ರಶ್ನೆಗಳಿಗೆ ಬೇಸರಪಡಲಿಲ್ಲ. ವಿಜ್ಞಾನದ ಪುಸ್ತಕವೊಂದನ್ನು ಅವನ ಕೈಗಿತ್ತಾಗ ಅದರಲ್ಲಿದ್ದ ಪ್ರಯೋಗಗಳನ್ನು ಓದಿ ಬಿಡದೆ, ಒಂದೊಂದನ್ನೂ ಮಾಡಿ ನೋಡಲು ಹೊರಟನು. ಪುಸ್ತಕದಲ್ಲಿ ಬರೆದುದನ್ನೂ ಕೈಯಾರೆ ಪರೀಕ್ಷಿಸಿಯೇ ನಂಬಬೇಕೆಂಬ ಈ ಗುಣವು ಅವನ ಬಾಳಿನುದ್ದಕ್ಕೂ ಉಳಿಯಿತು.

ಹನ್ನೆರಡನೆಯ ವಯಸ್ಸಿನಲ್ಲಿ ಅವನು ಪೋರ್ಟ್ ಹ್ಯೂರನ್ನಿನಿಂದ ಡೆಟ್ರಾಯಿಟ್ ನಗರಕ್ಕೆ ಹೋಗುವ ರೈಲಿನಲ್ಲಿ ವೃತ್ತಪತ್ರಿಕೆಗಳನ್ನೂ ತಿಂಡಿತಿನಿಸುಗಳನ್ನೂ ಮಾರುವ ಕೆಲಸಕ್ಕೆ ಸೇರಿದನು. ಸಾಮಾನು ಸಾಗಿಸುವ ಡಬ್ಬಿಯ ಒಂದು ಮೂಲೆಯೇ ಅವನ ಪ್ರಯೋಗಶಾಲೆಯಾಯಿತು. ಅಲ್ಲಿಯೇ ಪುಟ್ಟ ಮುದ್ರಣಯಂತ್ರವೊಂದನ್ನು ಇಟ್ಟುಕೊಂಡು ತನ್ನದೇ ಆದ ಪತ್ರಿಕೆಯನ್ನು ಅಚ್ಚುಮಾಡಿ ಮಾರಿದನು. ೧೮೬೨ರಲ್ಲಿ ಒಂದು ನಿಲ್ದಾಣದಲ್ಲಿ ಸ್ಟೇಷನ್ ಮಾಸ್ತರರ ಪುಟ್ಟ ಮಗು ಹಳಿಯ ಮೇಲೆ ಆಡುತ್ತಿದ್ದಾಗ ಸರಕಿನ ಡಬ್ಬಿಯೊಂದು ಉರುಳಿ ಬರುತ್ತಿರುವುದನ್ನು ಕಂಡು, ಓಡಿಹೋಗಿ ಮಗುವನ್ನು ಎತ್ತಿಕೊಂಡು ಕಾಪಾಡಿದನು. ಅದಕ್ಕೆ ಕೃತಜ್ಞತೆಯಾಗಿ ಆ ಮಾಸ್ತರರು ಅವನಿಗೆ ತಂತಿಯ ವಿದ್ಯೆಯನ್ನು ಕಲಿಸಿದರು. ಇದರಿಂದ ಅವನ ಬಾಳಿನ ದಿಕ್ಕೇ ಬದಲಾಯಿತು. ಕಿವಿ ಮಂದವಾಗುತ್ತ ಬಂದಿದ್ದರೂ ತಂತಿಯ ಟಕಟಕ ಶಬ್ದವನ್ನು ಅವನು ಸ್ಪಷ್ಟವಾಗಿ ಗ್ರಹಿಸಬಲ್ಲವನಾಗಿದ್ದನು. ಆ ಕಾಲದ ತಂತಿ ಕಚೇರಿಗಳೆಲ್ಲ ಬ್ಯಾಟರಿಗಳ ಬಲದಿಂದಲೇ ನಡೆಯುತ್ತಿದ್ದವು. ಊರಿಂದೂರಿಗೆ ಅಲೆಯುತ್ತ ತಂತಿ ಗುಮಾಸ್ತನಾಗಿ ದುಡಿದ ಆ ವರ್ಷಗಳಲ್ಲಿ ಆಮ್ಲ, ಲೋಹ, ವಿದ್ಯುತ್ತು ಇವುಗಳ ಸಹವಾಸ ಅವನಿಗೆ ನಿತ್ಯದ್ದಾಯಿತು.

೧೮೬೯ರಲ್ಲಿ ಅವನ ಮೊದಲ ಆವಿಷ್ಕಾರಕ್ಕೆ ಪೇಟೆಂಟು ದೊರೆಯಿತು. ಅದು ಶಾಸನಸಭೆಯಲ್ಲಿ ಸದಸ್ಯರ ಮತಗಳನ್ನು ಬೇಗನೆ ದಾಖಲಿಸುವ ಯಂತ್ರ. ಯಂತ್ರವೇನೋ ಚೆನ್ನಾಗಿತ್ತು, ಆದರೆ ಅದು ಶಾಸಕರಿಗೆ ಬೇಕಾಗಿರಲಿಲ್ಲ. ಜನರಿಗೆ ಬೇಡವಾದುದನ್ನು ಎಷ್ಟು ಜಾಣ್ಮೆಯಿಂದ ಮಾಡಿದರೂ ಪ್ರಯೋಜನವಿಲ್ಲವೆಂಬ ಪಾಠವನ್ನು ಅವನು ಅಂದೇ ಕಲಿತನು. ೧೮೭೬ರಲ್ಲಿ ನ್ಯೂಜೆರ್ಸಿಯ ಮೆನ್ಲೋ ಪಾರ್ಕಿನಲ್ಲಿ ಪ್ರಯೋಗಾಲಯವನ್ನು ಕಟ್ಟಿದನು. ಮರುವರ್ಷವೇ ಧ್ವನಿಯನ್ನು ಹಿಡಿದಿಟ್ಟು ಮತ್ತೆ ನುಡಿಸುವ ಫೋನೋಗ್ರಾಫ್ ಹೊರಬಂದಿತು. ೧೮೭೯ರಲ್ಲಿ ಗಾಜಿನ ಬುರುಡೆಯೊಳಗೆ ಇದ್ದಿಲಾಗಿಸಿದ ದಾರದ ಎಳೆ ಗಂಟೆಗಟ್ಟಲೆ ಬೆಳಗಿತು. ೧೮೮೨ರ ಸೆಪ್ಟೆಂಬರ್ ೪ರಂದು ನ್ಯೂಯಾರ್ಕಿನ ಪರ್ಲ್ ಬೀದಿಯ ವಿದ್ಯುದಾಗಾರದಿಂದ ಸುತ್ತಲಿನ ಮನೆ ಅಂಗಡಿಗಳಿಗೆ ವಿದ್ಯುತ್ತು ಹರಿಯಿತು. ಮೂವತ್ತೈದು ವರ್ಷ ವಯಸ್ಸಿಗೇ ಅವನ ಕೀರ್ತಿ ದೇಶದೇಶಗಳಿಗೆ ಹಬ್ಬಿತು.

ಅಷ್ಟಾದರೂ ಅವನು ಎಲ್ಲದರಲ್ಲಿಯೂ ಗೆದ್ದವನಲ್ಲ. ಅವನ ವಿದ್ಯುದಾಗಾರ ನೀಡುತ್ತಿದ್ದುದು ನೇರ ಪ್ರವಾಹ. ಅದನ್ನು ಹೆಚ್ಚು ದೂರಕ್ಕೆ ಸಾಗಿಸುವುದು ಆಗ ಸಾಧ್ಯವಿರಲಿಲ್ಲ. ಇತರರು ಬಳಕೆಗೆ ತಂದ ಪರ್ಯಾಯ ಪ್ರವಾಹವನ್ನು ಎತ್ತರದ ಒತ್ತಡದಲ್ಲಿ ಬಹುದೂರ ಕಳುಹಿಸಬಹುದಾಗಿತ್ತು. ಎಡಿಸನ್ ಅದು ಅಪಾಯಕರವೆಂದು ಹಟಹಿಡಿದು ವಿರೋಧಿಸಿದನು. ಆ ವಾದದಲ್ಲಿ ಸೋತನು. ೧೮೯೨ರಲ್ಲಿ ಅವನ ಸಂಸ್ಥೆಯು ಮತ್ತೊಂದರೊಡನೆ ಸೇರಿ ಜನರಲ್ ಎಲೆಕ್ಟ್ರಿಕ್ ಕಂಪನಿಯಾಯಿತು. ಹೆಸರಿನಿಂದ ಎಡಿಸನ್ ಎಂಬುದು ಬಿಟ್ಟುಹೋಯಿತು. ಮುಂದೆ ೧೯೦೨ರಲ್ಲಿ ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು ೧೪೭ ಕಿಲೋಮೀಟರು ದೂರ ವಿದ್ಯುತ್ತು ಹರಿದದ್ದು ಇದೇ ಕಂಪನಿಯ ಯಂತ್ರಗಳಿಂದ. ಹರಿದದ್ದು ಎಡಿಸನ್ ವಿರೋಧಿಸಿದ ಪರ್ಯಾಯ ಪ್ರವಾಹವೇ. ಅನಂತರ ಅವನು ಕಳಪೆ ಅದಿರಿನಿಂದ ಕಬ್ಬಿಣವನ್ನು ಅಯಸ್ಕಾಂತದ ಸಹಾಯದಿಂದ ಬೇರ್ಪಡಿಸುವ ಉದ್ಯಮಕ್ಕೆ ಕೈಹಾಕಿದನು. ಯಂತ್ರಗಳು ಕೆಲಸ ಮಾಡಿದವು. ಆದರೆ ಅಷ್ಟರಲ್ಲಿ ಮಿನೆಸೋಟ ಪ್ರಾಂತದಲ್ಲಿ ಉತ್ತಮ ಅದಿರು ಹೇರಳವಾಗಿ ದೊರೆತು ಬೆಲೆ ಕುಸಿಯಿತು. ಹತ್ತು ವರ್ಷಗಳ ದುಡಿಮೆಯೂ ಗಳಿಸಿದ ಸಂಪತ್ತಿನ ಬಹುಭಾಗವೂ ಮಣ್ಣುಪಾಲಾದವು. ಆಗ ಅವನಿಗೆ ಐವತ್ತು ದಾಟಿತ್ತು. ಬೇರೊಬ್ಬನಾಗಿದ್ದರೆ ಇದ್ದುದರಲ್ಲಿ ನೆಮ್ಮದಿಯಾಗಿ ಕಾಲ ಕಳೆಯುತ್ತಿದ್ದನು. ಎಡಿಸನ್ ಮಾತ್ರ ಹೊಸದೊಂದು ಕೆಲಸವನ್ನು ಅರಸಿದನು.

ಆ ಕಾಲದಲ್ಲಿ ಕುದುರೆ ಇಲ್ಲದೆ ಓಡುವ ಬಂಡಿಗಳು ಪಟ್ಟಣಗಳಲ್ಲಿ ಕಾಣಿಸಿಕೊಳ್ಳತೊಡಗಿದ್ದವು. ೧೯೦೦ರಲ್ಲಿ ಅಮೆರಿಕದಲ್ಲಿ ತಯಾರಾದ ಸುಮಾರು ೪,೨೦೦ ಕಾರುಗಳಲ್ಲಿ ಪೆಟ್ರೋಲಿನವು ಒಂದು ಸಾವಿರಕ್ಕೂ ಕಡಿಮೆ, ವಿದ್ಯುತ್ತಿನವು ೧,೫೦೦ಕ್ಕೂ ಹೆಚ್ಚು, ಉಳಿದವು ಉಗಿಯವು. ಉಗಿಬಂಡಿಗೆ ಬೆಂಕಿ, ಬಾಯ್ಲರುಗಳ ಕಾಟ. ಪೆಟ್ರೋಲಿನ ಬಂಡಿಗೆ ವಾಸನೆ, ಹೊಗೆ, ಅಬ್ಬರ. ಅದನ್ನು ಚಾಲೂ ಮಾಡಲು ಮುಂದೆ ನಿಂತು ಕಬ್ಬಿಣದ ಹಿಡಿಕೆಯನ್ನು ಬಲವಾಗಿ ತಿರುಗಿಸಬೇಕು. ಹಿಡಿಕೆ ಹಿಮ್ಮುಖವಾಗಿ ಹೊಡೆದರೆ ಕೈ ಮುರಿಯುವ ಭಯ. ವಿದ್ಯುತ್ ಬಂಡಿಗೆ ಈ ಯಾವ ತೊಡಕೂ ಇರಲಿಲ್ಲ. ಏರಿ ಕುಳಿತು ಹಿಡಿಯನ್ನು ಸರಿಸಿದರೆ ಅದು ಮೆಲ್ಲನೆ ಹೊರಡುತ್ತಿತ್ತು. ಆದರೆ ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂಬ ಗಾದೆಯಂತೆ ಬ್ಯಾಟರಿ ಇದ್ದಷ್ಟೇ ಅದರ ಓಟ. ಊರೊಳಗೆ ಸುತ್ತಾಡಿ ಸಂಜೆಗೆ ಮನೆ ಸೇರುವುದಕ್ಕೆ ಅದು ತಕ್ಕದ್ದಾಗಿತ್ತೇ ವಿನಾ ದೂರದೂರಿಗೆ ಹೋಗಲು ಬಾರದಾಗಿತ್ತು.

ಈ ಕೊರತೆಯನ್ನು ಎಡಿಸನ್ ಚೆನ್ನಾಗಿ ಅರಿತಿದ್ದನು. ೧೮೯೬ರಲ್ಲಿ ನ್ಯೂಯಾರ್ಕಿನ ಬಳಿ ವಿದ್ಯುತ್ ಉದ್ಯಮದವರ ಸಮಾವೇಶವೊಂದು ನಡೆದಾಗ ಊಟದ ಪಂಕ್ತಿಯಲ್ಲಿ ಹೆನ್ರಿ ಫೋರ್ಡ್ ಎಂಬ ತರುಣ ಇಂಜಿನಿಯರನನ್ನು ಅವನಿಗೆ ಪರಿಚಯಿಸಿದರು. ಎಡಿಸನ್ನನ ಹೆಸರಿನದೇ ಆದ ಡೆಟ್ರಾಯಿಟಿನ ವಿದ್ಯುತ್ ಕಂಪನಿಯಲ್ಲಿ ಅವನು ನೌಕರ. ಬಿಡುವಿನ ವೇಳೆಯಲ್ಲಿ ಪೆಟ್ರೋಲಿನಿಂದ ಓಡುವ ಬಂಡಿಯೊಂದನ್ನು ಮಾಡಿದ್ದನು. ಎಡಿಸನ್ ಅವನನ್ನು ತನ್ನ ಬಳಿಗೆ ಕರೆದು, ಕಿವಿಗೆ ಕೈ ಆನಿಸಿ, ಒಂದಾದಮೇಲೊಂದು ಪ್ರಶ್ನೆ ಕೇಳಿದನು. ಫೋರ್ಡ್ ಊಟದ ಪಟ್ಟಿಯ ಹಿಂಬದಿಯಲ್ಲಿ ಚಿತ್ರ ಬರೆದು ವಿವರಿಸಿದನು. ವಿದ್ಯುತ್ ಬಂಡಿ ವಿದ್ಯುದಾಗಾರದ ಆಸುಪಾಸು ಬಿಟ್ಟು ಹೋಗಲಾರದು, ಬ್ಯಾಟರಿಯ ಭಾರವೂ ಹೆಚ್ಚು. ತನ್ನ ಶಕ್ತಿಯನ್ನು ತಾನೇ ಹೊತ್ತೊಯ್ಯುವ ಈ ಬಂಡಿಯೇ ಸರಿಯಾದದ್ದು, ಬಿಡದೆ ಮುಂದುವರಿಸಬೇಕು ಎಂದು ಎಡಿಸನ್ ಮೇಜನ್ನು ಗುದ್ದಿ ಹುರಿದುಂಬಿಸಿದನು. ಮಹಾವಿಜ್ಞಾನಿಯೊಬ್ಬನ ಆ ಪ್ರೋತ್ಸಾಹವನ್ನು ಫೋರ್ಡ್ ಬಾಳಿನುದ್ದಕ್ಕೂ ಮರೆಯಲಿಲ್ಲ. ಮೂರು ವರ್ಷಗಳಲ್ಲಿಯೇ ಎಡಿಸನ್ ತಾನು ಎತ್ತಿ ತೋರಿದ ಆ ದೋಷಗಳನ್ನು ತಾನೇ ನಿವಾರಿಸಲು ಹೊರಟದ್ದು ವಿಧಿಯ ವಿಚಿತ್ರ. ತರುಣನೊಬ್ಬನಿಗೆ ಒಂದು ದಾರಿಯನ್ನು ತೋರಿಸಿ ತಾನು ಅದರ ಎದುರು ದಾರಿಯಲ್ಲಿ ನಡೆದಂತಾಯಿತು.

ಆಗ ಬಳಕೆಯಲ್ಲಿದ್ದ ಬ್ಯಾಟರಿ ಸೀಸ ಹಾಗೂ ಗಂಧಕಾಮ್ಲಗಳಿಂದ ಆದುದು. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ೧೮೫೯ರಲ್ಲಿ ಅದನ್ನು ಕಂಡುಹಿಡಿದಿದ್ದನು. ಬರಿದಾದ ಮೇಲೆ ಹೊರಗಿನಿಂದ ವಿದ್ಯುತ್ತನ್ನು ಹರಿಸಿ ಅದನ್ನು ಮತ್ತೆ ತುಂಬಬಹುದಾಗಿತ್ತು. ಆದರೆ ಸೀಸವು ಬಹಳ ಭಾರವಾದ ಲೋಹ. ಹೆಚ್ಚು ದೂರ ಹೋಗಬೇಕೆಂದು ಹೆಚ್ಚು ಬ್ಯಾಟರಿಗಳನ್ನು ಹೇರಿದರೆ ಬಂಡಿಯ ಶಕ್ತಿಯೆಲ್ಲ ಆ ಭಾರವನ್ನು ಎಳೆಯುವುದಕ್ಕೇ ವ್ಯಯವಾಗುತ್ತಿತ್ತು; ಬುತ್ತಿಯ ಭಾರಕ್ಕೆ ಪಯಣಿಗನೇ ಕುಸಿದಂತೆ. ಜೊತೆಗೆ ಆಮ್ಲವು ತನ್ನ ಸುತ್ತಲಿನ ಲೋಹವನ್ನು ತಿನ್ನುತ್ತಿತ್ತು. ಆಮ್ಲವಿಲ್ಲದ, ಹಗುರವಾದ, ಬಹುಕಾಲ ಬಾಳುವ ಬ್ಯಾಟರಿಯೊಂದನ್ನು ಪ್ರಕೃತಿ ಎಲ್ಲಿಯಾದರೂ ಬಚ್ಚಿಟ್ಟಿರಲೇಬೇಕೆಂದು ಎಡಿಸನ್ ದೃಢವಾಗಿ ನಂಬಿದನು. ಆಮ್ಲದ ಬದಲು ಕ್ಷಾರದ್ರವವನ್ನು ಬಳಸಲು ನಿಶ್ಚಯಿಸಿ ೧೮೯೯ರ ಸುಮಾರಿಗೆ ವೆಸ್ಟ್ ಆರೆಂಜಿನ ತನ್ನ ಪ್ರಯೋಗಾಲಯದಲ್ಲಿ ಶೋಧನೆಯನ್ನು ಆರಂಭಿಸಿದನು. ಅದೇ ವೇಳೆಗೆ ಸ್ವೀಡನ್ ದೇಶದಲ್ಲಿ ವಾಲ್ಡೆಮಾರ್ ಯುಂಗ್ನರ್ ಎಂಬ ವಿಜ್ಞಾನಿಯೂ ಅಂಥದೇ ಹುಡುಕಾಟದಲ್ಲಿ ತೊಡಗಿದ್ದನು.

ಯಾವ ಲೋಹಕ್ಕೆ ಯಾವುದು ಜೊತೆಯಾದೀತೆಂದು ಮೊದಲೇ ತಿಳಿಸುವ ಸಿದ್ಧಾಂತ ಆಗ ಇರಲಿಲ್ಲ. ಒಂದೊಂದನ್ನೂ ಮಾಡಿಯೇ ನೋಡಬೇಕಿತ್ತು. ಸಹಾಯಕರ ತಂಡಗಳು ಹಗಲಿರುಳೆನ್ನದೆ ದುಡಿದವು. ತಿಂಗಳುಗಳು ಉರುಳಿದವು, ಪ್ರಯೋಗಗಳ ಸಂಖ್ಯೆ ಒಂಬತ್ತು ಸಾವಿರವನ್ನು ದಾಟಿತು. ಇಷ್ಟೆಲ್ಲ ಶ್ರಮಪಟ್ಟರೂ ಫಲ ಕಾಣಲಿಲ್ಲವಲ್ಲ ಎಂದು ಹಳೆಯ ಸಹೋದ್ಯೋಗಿಯೊಬ್ಬನು ಮರುಗಿದಾಗ ಎಡಿಸನ್ ನಕ್ಕುಬಿಟ್ಟನಂತೆ. ಫಲವಿಲ್ಲದೆ ಏನು, ಯಾವುವು ಕೆಲಸಕ್ಕೆ ಬಾರವೆಂಬುದು ಸಾವಿರಾರು ಬಾರಿ ಖಚಿತವಾಗಿದೆಯಲ್ಲ ಎಂಬುದು ಅವನ ನಿಲುವಾಗಿತ್ತು. ಕೊನೆಗೆ ಒಂದು ಕಡೆ ನಿಕ್ಕಲ್, ಇನ್ನೊಂದು ಕಡೆ ಕಬ್ಬಿಣ, ನಡುವೆ ಪೊಟ್ಯಾಸಿಯಂ ಕ್ಷಾರದ ದ್ರವ ಎಂಬ ಹೊಂದಿಕೆ ಫಲಕಾರಿಯಾಯಿತು. ೧೯೦೧ರಲ್ಲಿ ಎಡಿಸನ್ ಬ್ಯಾಟರಿ ಕಂಪನಿಯು ಸ್ಥಾಪನೆಯಾಯಿತು. ಹೊಸ ಬ್ಯಾಟರಿಗಳನ್ನು ಬಂಡಿಗಳಿಗೆ ಜೋಡಿಸಿ, ಒರಟಾದ ಹಳ್ಳಿಯ ರಸ್ತೆಗಳಲ್ಲಿ ಸಾವಿರಾರು ಮೈಲಿ ಓಡಿಸಿ ಪರೀಕ್ಷಿಸಿದರು. ಎತ್ತಿ ಎತ್ತಿ ಕುಕ್ಕುವ ಯಂತ್ರವೊಂದನ್ನು ಮಾಡಿ ಬ್ಯಾಟರಿ ಎಷ್ಟು ಪೆಟ್ಟನ್ನು ತಾಳಬಲ್ಲುದೆಂದು ನೋಡಿದರು. ಪತ್ರಿಕೆಗಳು ಹೊಗಳಿದವು. ವಿದ್ಯುತ್ ಬಂಡಿಯ ಸುವರ್ಣಯುಗ ಬಂದಿತೆಂದು ಎಡಿಸನ್ ತಾನೂ ನಂಬಿ ಜಗತ್ತನ್ನೂ ನಂಬಿಸಿದನು.

ಬ್ಯಾಟರಿಗಳು ಮಾರುಕಟ್ಟೆಗೆ ಬಂದವು. ಕೆಲವು ಕಾಲ ಎಲ್ಲವೂ ಸುಗಮವಾಗಿ ನಡೆಯಿತು. ಆಮೇಲೆ ದೂರುಗಳು ಒಂದೊಂದಾಗಿ ಬರತೊಡಗಿದವು. ಕೆಲವು ಡಬ್ಬಿಗಳ ಬೆಸುಗೆ ಬಿಟ್ಟು ದ್ರವ ಸೋರುತ್ತಿತ್ತು. ಇನ್ನು ಕೆಲವು ದಿನಕಳೆದಂತೆ ಶಕ್ತಿಗುಂದುತ್ತಿದ್ದವು. ಎಲ್ಲ ಬ್ಯಾಟರಿಗಳೂ ಕೆಟ್ಟಿರಲಿಲ್ಲ. ಇನ್ನಷ್ಟು ಬೇಕೆಂದು ಕೇಳುವ ಗಿರಾಕಿಗಳೂ ಇದ್ದರು. ದೋಷವನ್ನು ಮುಚ್ಚಿಟ್ಟು ವ್ಯಾಪಾರವನ್ನು ಮುಂದುವರಿಸಲು ಅವಕಾಶವಿತ್ತು. ಆದರೆ ತನ್ನ ಹೆಸರನ್ನು ಹೊತ್ತ ವಸ್ತು ತನಗೇ ಒಪ್ಪಿಗೆಯಾಗದಿರುವಾಗ ಅದನ್ನು ಜನರಿಗೆ ಮಾರುವುದು ಅವನಿಗೆ ಸರಿಕಾಣಲಿಲ್ಲ. ಅವನು ಕಾರ್ಖಾನೆಯಲ್ಲಿ ತಯಾರಿಕೆಯನ್ನು ನಿಲ್ಲಿಸಿದನು. ಮಾರಿದ ಬ್ಯಾಟರಿಗಳಲ್ಲಿ ದೋಷವಿದ್ದುವನ್ನು ಸ್ವಂತ ಖರ್ಚಿನಿಂದ ಹಿಂದಕ್ಕೆ ಪಡೆದನು. ಐದು ವರ್ಷಗಳ ಶ್ರಮ ಆರಂಭದ ಹಂತಕ್ಕೆ ಮರಳಿತು. ವಿದ್ಯುದ್ದೀಪವನ್ನು ಬೆಳಗಿಸಿದ ದಿನಕ್ಕಿಂತಲೂ ಈ ದಿನ ಎಡಿಸನ್ ದೊಡ್ಡವನಾಗಿ ಕಾಣುತ್ತಾನೆ.

ಮತ್ತೆ ಶೋಧನೆ ಮೊದಲಾಯಿತು. ನಿಕ್ಕಲಿನ ಪುಡಿಯಲ್ಲಿ ವಿದ್ಯುತ್ತು ಸರಾಗವಾಗಿ ಹರಿಯಲೆಂದು ಬೆರೆಸಿದ್ದ ಗ್ರ್ಯಾಫೈಟ್ ಕಾಲಕ್ರಮದಲ್ಲಿ ಕೆಡುತ್ತಿರುವುದು ತಿಳಿಯಿತು. ಅದರ ಬದಲು ಶುದ್ಧ ನಿಕ್ಕಲಿನ ಅತಿ ತೆಳುವಾದ ಹಾಳೆಯ ಚೂರುಗಳನ್ನು ಬಳಸಲು ಎಡಿಸನ್ ನಿರ್ಧರಿಸಿದನು. ಅಷ್ಟು ತೆಳುವಾದ ಹಾಳೆಯನ್ನು ತಟ್ಟಿ ಮಾಡುವುದು ಅಸಾಧ್ಯ. ಅದಕ್ಕೊಂದು ಉಪಾಯ ಹೂಡಿದನು. ವಿದ್ಯುಲ್ಲೇಪನದಿಂದ ತಾಮ್ರದ ಒಂದು ಪದರ, ನಿಕ್ಕಲಿನ ಒಂದು ಪದರ, ಹೀಗೆ ಒಂದರ ಮೇಲೊಂದು ಪದರಗಳನ್ನು ಕಟ್ಟಿಸಿ, ಸಣ್ಣ ಚೂರುಗಳಾಗಿ ಕತ್ತರಿಸಿ, ನಡುವಣ ತಾಮ್ರವನ್ನು ದ್ರಾವಕದಲ್ಲಿ ಕರಗಿಸಿಬಿಟ್ಟನು. ನಿಕ್ಕಲಿನ ಪೊರೆಗಳು ಮಾತ್ರ ಬಿಡಿಬಿಡಿಯಾಗಿ ಉಳಿದವು. ಅವನ್ನು ತೂತುಗಳಿರುವ ಉಕ್ಕಿನ ಕೊಳವೆಗಳಲ್ಲಿ ನಿಕ್ಕಲಿನ ಪುಡಿಯೊಡನೆ ಪದರಪದರವಾಗಿ ತುಂಬಿದನು. ಕ್ಷಾರದ್ರವಕ್ಕೆ ಲಿಥಿಯಂ ಎಂಬ ಲೋಹದ ಕ್ಷಾರವನ್ನು ಸ್ವಲ್ಪ ಬೆರೆಸಿದರೆ ಬ್ಯಾಟರಿಯ ಶಕ್ತಿ ಹೆಚ್ಚುವುದೆಂಬುದನ್ನೂ ಕಂಡುಕೊಂಡನು. ೧೯೦೯ರಲ್ಲಿ ಸುಧಾರಿಸಿದ ಬ್ಯಾಟರಿ ಹೊರಬಂದಿತು. ಈ ಸಲ ಅದು ಸೋರಲಿಲ್ಲ, ಸೊರಗಲಿಲ್ಲ. ಕೆಲಸ ಆರಂಭವಾಗಿ ಹತ್ತು ವರ್ಷಗಳಾಗಿದ್ದವು. ಎಡಿಸನ್ನನಿಗೆ ಅರವತ್ತೆರಡು ತುಂಬಿತ್ತು.

ವಿದ್ಯುತ್ ಬಂಡಿ ಊರ ಗಡಿಯನ್ನು ದಾಟಿ ಹೊರಡುವ ದಿನ ಈಗ ಬಂದಿತು. ೧೯೧೦ರಲ್ಲಿ ಬೇಯ್ಲಿ ಎಂಬ ಕಂಪನಿಯ ವಿದ್ಯುತ್ ಕಾರು ಎಡಿಸನ್ನನ ಬ್ಯಾಟರಿಯನ್ನು ಹೊತ್ತು, ದಾರಿಯಲ್ಲಿ ಅಲ್ಲಲ್ಲಿ ವಿದ್ಯುತ್ತನ್ನು ತುಂಬಿಕೊಳ್ಳುತ್ತ, ಸಾವಿರ ಮೈಲಿಗಳ ಪ್ರಯಾಣವನ್ನು ಪೂರೈಸಿತು. ಸಾವಿರ ಮೈಲಿ ಎಂದರೆ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಎರಡು ಸಲ ಹೋಗಿ ಬಂದಷ್ಟು ದೂರ. ಅದೇ ಕಾಲದಲ್ಲಿ ಡೆಟ್ರಾಯಿಟ್ ಎಲೆಕ್ಟ್ರಿಕ್ ಎಂಬ ಕಾರು ಒಮ್ಮೆ ತುಂಬಿದ ವಿದ್ಯುತ್ತಿನಿಂದಲೇ ೨೧೧ ಮೈಲಿ, ಅಂದರೆ ಸುಮಾರು ೩೪೦ ಕಿಲೋಮೀಟರು ಓಡಿ ಜನರನ್ನು ಬೆರಗುಗೊಳಿಸಿತು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಹುಬ್ಬಳ್ಳಿಯಿಂದ ಹೊರಟು ಹೆಚ್ಚುಕಡಿಮೆ ತುಮಕೂರನ್ನು ಮುಟ್ಟಿದಂತೆ. ಅದು ವಿಶೇಷ ಎಚ್ಚರಿಕೆಯಿಂದ ನಡೆಸಿದ ಪರೀಕ್ಷೆ. ನಿತ್ಯದ ಬಳಕೆಯಲ್ಲಿ ಆ ಕಾರು ಸುಮಾರು ೧೩೦ ಕಿಲೋಮೀಟರು, ಎಂದರೆ ಹರಿಹರದವರೆಗೆ ಹೋಗಬಹುದಾಗಿತ್ತು. ವೇಗ ಗಂಟೆಗೆ ಸುಮಾರು ೩೨ ಕಿಲೋಮೀಟರು. ಆದರೂ ಹತ್ತು ವರ್ಷಗಳ ಹಿಂದಿನ ಸ್ಥಿತಿಯನ್ನು ನೆನೆದರೆ ಇದು ದೊಡ್ಡ ಸಾಧನೆ.

ಆದರೆ ಕಾಲವು ಯಾರಿಗೂ ಕಾದು ನಿಲ್ಲುವುದಿಲ್ಲ. ಎಡಿಸನ್ ಪ್ರಯೋಗಾಲಯದಲ್ಲಿ ತಪಸ್ಸು ಮಾಡುತ್ತಿದ್ದ ಆ ಹತ್ತು ವರ್ಷಗಳಲ್ಲಿ ಹೊರಗಿನ ಜಗತ್ತು ಬದಲಾಗಿಹೋಗಿತ್ತು. ೧೯೦೧ರಲ್ಲಿ ಟೆಕ್ಸಾಸ್ ಪ್ರಾಂತದಲ್ಲಿ ನೆಲದಿಂದ ತೈಲ ಚಿಮ್ಮಿ ಪೆಟ್ರೋಲು ಅಗ್ಗವಾಯಿತು. ಡಬ್ಬಿಗಳಲ್ಲಿ ತುಂಬಿದ ಪೆಟ್ರೋಲು ಹಳ್ಳಿಯ ಅಂಗಡಿಗಳಲ್ಲಿಯೂ ದೊರೆಯುತ್ತಿತ್ತು. ಅಲ್ಲಿ ವಿದ್ಯುತ್ತಿನ ತಂತಿ ಮಾತ್ರ ಇನ್ನೂ ಕಾಲಿಟ್ಟಿರಲಿಲ್ಲ. ೧೯೦೮ರಲ್ಲಿ ಹೆನ್ರಿ ಫೋರ್ಡನ ಮಾಡೆಲ್ ಟಿ ಕಾರು ಬಂದಿತು. ಮೊದಲಿಗೆ ೮೫೦ ಡಾಲರುಗಳಿದ್ದ ಅದರ ಬೆಲೆ ವರ್ಷ ವರ್ಷಕ್ಕೆ ಇಳಿಯುತ್ತ ಕೊನೆಗೆ ೩೦೦ ಡಾಲರುಗಳಿಗಿಂತಲೂ ಕೆಳಗಿಳಿಯಿತು. ೧೯೧೨ರಲ್ಲಿ ಚಾರ್ಲ್ಸ್ ಕೆಟ್ಟರಿಂಗನು ರಚಿಸಿದ ವಿದ್ಯುತ್ ಸ್ಟಾರ್ಟರು ಕ್ಯಾಡಿಲಾಕ್ ಕಾರಿನಲ್ಲಿ ಅಳವಟ್ಟಿತು. ಅಂದಿನಿಂದ ಪೆಟ್ರೋಲಿನ ಕಾರನ್ನು ಚಾಲೂ ಮಾಡಲು ಹಿಡಿಕೆ ತಿರುಗಿಸುವ ಕಷ್ಟವೂ ತಪ್ಪಿತು. ಆ ಸ್ಟಾರ್ಟರಿಗೆ ಬಲ ಕೊಟ್ಟದ್ದು ಎಡಿಸನ್ ದೂರವಿಟ್ಟ ಹಳೆಯ ಸೀಸದ ಬ್ಯಾಟರಿಯೇ. ಎಡಿಸನ್ನನ ಬ್ಯಾಟರಿ ದುಬಾರಿಯಾಗಿತ್ತು. ಚಳಿಯಲ್ಲಿ ಅದರ ಕಸುವು ಕುಗ್ಗುತ್ತಿತ್ತು. ಒಮ್ಮೆಗೇ ಹೆಚ್ಚು ಶಕ್ತಿಯನ್ನು ಹೊಮ್ಮಿಸುವುದು ಅದಕ್ಕೆ ಸಾಧ್ಯವಿರಲಿಲ್ಲ.

ಆದರೂ ಫೋರ್ಡನಿಗೂ ಎಡಿಸನ್ನನಿಗೂ ಗೆಳೆತನ ಕೆಡಲಿಲ್ಲ. ಫೋರ್ಡನ ಪತ್ನಿ ಕ್ಲಾರಾ ತಾನು ಊರಲ್ಲಿ ಓಡಾಡುವುದಕ್ಕೆ ಡೆಟ್ರಾಯಿಟ್ ಎಲೆಕ್ಟ್ರಿಕ್ ಕಾರನ್ನೇ ಬಳಸುತ್ತಿದ್ದಳು. ೧೯೧೪ರ ಆರಂಭದಲ್ಲಿ ಗೆಳೆಯರಿಬ್ಬರೂ ಸೇರಿ ಅಗ್ಗದ ವಿದ್ಯುತ್ ಕಾರೊಂದನ್ನು ತಯಾರಿಸುವರೆಂಬ ಸುದ್ದಿ ಪ್ರಕಟವಾಯಿತು. ಒಂದೆರಡು ಮಾದರಿಗಳೂ ಸಿದ್ಧವಾದವು. ಆದರೆ ಆ ಯೋಜನೆ ಅಲ್ಲಿಗೇ ನಿಂತಿತು. ಅದೇ ವರ್ಷದ ಡಿಸೆಂಬರ್ ೯ರಂದು ವೆಸ್ಟ್ ಆರೆಂಜಿನ ಕಾರ್ಖಾನೆಗೆ ಬೆಂಕಿ ಬಿದ್ದು ಹಲವು ಕಟ್ಟಡಗಳು ಸುಟ್ಟುಹೋದವು. ಅರವತ್ತೇಳು ವರ್ಷದ ಎಡಿಸನ್ ಧೃತಿಗೆಡದೆ ಮರುದಿನದಿಂದಲೇ ಪುನರ್ನಿರ್ಮಾಣಕ್ಕೆ ಕೈಹಚ್ಚಿದನು. ಫೋರ್ಡ್ ಹಣದ ನೆರವು ನೀಡಿದನು.

ಮುಂದಿನ ವರ್ಷಗಳಲ್ಲಿ ಎಡಿಸನ್, ಫೋರ್ಡ್, ಟೈರು ಉದ್ಯಮಿ ಫೈರ್‌ಸ್ಟೋನ್, ನಿಸರ್ಗಪ್ರೇಮಿ ಲೇಖಕ ಜಾನ್ ಬರೋಸ್ ಇವರು ಬೇಸಗೆಯಲ್ಲಿ ಕಾರುಗಳನ್ನು ಹತ್ತಿ ಬೆಟ್ಟಗಾಡುಗಳಲ್ಲಿ ದೂರದೂರ ಸಂಚರಿಸುತ್ತಿದ್ದರು. ರಾತ್ರಿ ಗುಡಾರ ಹೂಡಿ ಮಲಗುವರು. ಹಗಲು ಹಳ್ಳಿಯ ರಸ್ತೆಗಳಲ್ಲಿ ಸಾಗುವರು. ಆ ಕಾರುಗಳೆಲ್ಲ ಪೆಟ್ರೋಲಿನವು. ರಾತ್ರಿ ಗುಡಾರಗಳಲ್ಲಿ ಬೆಳಗುತ್ತಿದ್ದ ದೀಪಗಳಿಗೆ ಮಾತ್ರ ಎಡಿಸನ್ನನ ಬ್ಯಾಟರಿಯೇ ಆಧಾರ. ದೂರದ ದಾರಿಯಲ್ಲಿ ಬಂಡಿಯನ್ನು ನಡೆಸಬೇಕೆಂದು ಹುಟ್ಟಿದ ಬ್ಯಾಟರಿಯು ಬೇರೊಂದು ಬಂಡಿಯಲ್ಲಿ ಕುಳಿತು ದೀಪ ಹಚ್ಚಲು ಹೊರಟಿತ್ತು. ಇದನ್ನು ಕಂಡು ಎಡಿಸನ್ ಕೊರಗಿದನೆಂದು ಎಲ್ಲಿಯೂ ಕೇಳಿಬರುವುದಿಲ್ಲ. ಗೆಳೆಯನ ಗೆಲುವನ್ನು ತನ್ನ ಸೋಲೆಂದು ಎಣಿಸದಿರುವುದು ಎಲ್ಲರಿಗೂ ಸಾಧ್ಯವಾಗುವ ಮಾತಲ್ಲ.

ಹಾಗೆಂದು ಆ ಬ್ಯಾಟರಿ ಮೂಲೆಗೆ ಬೀಳಲಿಲ್ಲ. ರೈಲಿನ ಡಬ್ಬಿಗಳಲ್ಲಿ ದೀಪ ಬೆಳಗಲು, ಹಳಿಯ ಬದಿಯ ಸಂಕೇತಗಳನ್ನು ನಡೆಸಲು, ಕಾರ್ಖಾನೆಗಳಲ್ಲಿ ಸಾಮಾನು ಸಾಗಿಸುವ ಬಂಡಿಗಳನ್ನು ಓಡಿಸಲು ಅದ��� ಬೇಡಿಕೆ ಬೆಳೆಯಿತು. ಕಲ್ಲಿದ್ದಲ ಗಣಿಗಳಲ್ಲಿ ಕಾರ್ಮಿಕರು ತಲೆಯ ಮೇಲೆ ತೆರೆದ ಜ್ವಾಲೆಯ ದೀಪವನ್ನು ಹೊತ್ತು ದುಡಿಯುತ್ತಿದ್ದ ಕಾಲ ಅದು. ಗಣಿಯ ಅನಿಲಕ್ಕೆ ಆ ಜ್ವಾಲೆ ತಗುಲಿ ಸ್ಫೋಟವಾಗುತ್ತಿತ್ತು. ಎಡಿಸನ್ನನ ಬ್ಯಾಟರಿಯಿಂದ ಉರಿಯುವ ಟೋಪಿದೀಪ ಬಂದ ಮೇಲೆ ಆ ಅಪಾಯ ಬಹುಮಟ್ಟಿಗೆ ತಗ್ಗಿ ಎಷ್ಟೋ ಜೀವಗಳು ಉಳಿದವು. ಅಮೆರಿಕದಲ್ಲಿ ಅವನ ಹೆಸರಿನಲ್ಲಿ ೧,೦೯೩ ಪೇಟೆಂಟುಗಳಿವೆ. ೧೯೩೧ರ ಅಕ್ಟೋಬರ್ ೧೮ರಂದು, ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ, ಅವನು ವೆಸ್ಟ್ ಆರೆಂಜಿನ ತನ್ನ ಮನೆಯಲ್ಲಿ ತೀರಿಕೊಂಡನು. ಮೂರು ದಿನಗಳ ಬಳಿಕ ಅಮೆರಿಕದ ಜನರು ಅವನ ಗೌರವಾರ್ಥವಾಗಿ ಒಂದು ನಿಮಿಷ ವಿದ್ಯುದ್ದೀಪಗಳನ್ನು ಆರಿಸಿದರು. ಅವನು ಬೆಳಗಿಸಿದುದು ಎಷ್ಟೆಂಬುದು ಆ ಒಂದು ನಿಮಿಷದ ಕತ್ತಲೆಯಿಂದ ಎಲ್ಲರಿಗೂ ವೇದ್ಯವಾಯಿತು.

ವಿದ್ಯುತ್ ಬಂಡಿಯ ಕತೆ ಅವನೊಡನೆ ಮುಗಿಯಲಿಲ್ಲ. ದೀರ್ಘಕಾಲ ನಿದ್ರಿಸಿ ಮತ್ತೆ ಎದ್ದಿತು. ೧೯೯೧ರಲ್ಲಿ ಲಿಥಿಯಂ ಲೋಹವನ್ನು ಆಧರಿಸಿದ ಹಗುರವಾದ ಬ್ಯಾಟರಿಗಳು ಮಾರುಕಟ್ಟೆಗೆ ಬಂದವು. ಎಡಿಸನ್ ತನ್ನ ದ್ರವಕ್ಕೆ ಚಿಟಿಕೆಯಂತೆ ಬೆರೆಸಿದ ಲೋಹವೇ ಇಲ್ಲಿ ಮುಖ್ಯ ಪಾತ್ರವನ್ನು ವಹಿಸಿತು. ಅದನ್ನು ರೂಪಿಸಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಎಂಬ ಮೂವರು ವಿಜ್ಞಾನಿಗಳಿಗೆ ೨೦೧೯ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ನಮ್ಮ ಬೆಂಗಳೂರಿನಲ್ಲಿ ೨೦೦೧ರಲ್ಲಿ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಸಿದ್ಧವಾಯಿತು. ಸೀಸದ ಬ್ಯಾಟರಿಯ ಆ ಕಾರಿನ ಓಟ ಸುಮಾರು ೮೦ ಕಿಲೋಮೀಟರು. ಹುಬ್ಬಳ್ಳಿಯಿಂದ ಹೊರಟರೆ ಹಾವೇರಿಯನ್ನು ಮುಟ್ಟಿ ನಿಲ್ಲಬೇಕು. ೨೦೧೭ರಲ್ಲಿ ಕರ್ನಾಟಕ ಸರಕಾರವು ವಿದ್ಯುತ್ ವಾಹನಗಳಿಗಾಗಿಯೇ ಒಂದು ನೀತಿಯನ್ನು ಪ್ರಕಟಿಸಿತು. ಈಗಿನ ಕಾರುಗಳಲ್ಲಿ ಹಲವು ಒಂದೇ ಸಲ ತುಂಬಿದ ವಿದ್ಯುತ್ತಿನಿಂದ ೩೦೦ ಕಿಲೋಮೀಟರುಗಳನ್ನು ಮೀರಿ ಓಡುತ್ತವೆ. ಹೆದ್ದಾರಿಯ ಬದಿಯಲ್ಲಿ ಅವುಗಳಿಗೆ ವಿದ್ಯುತ್ತನ್ನು ತುಂಬುವ ನೆಲೆಗಳೂ ಏರ್ಪಟ್ಟಿವೆ. ಹಿಂದಿನ ಪಯಣಿಗರಿಗೆ ಬುತ್ತಿಯ ಜೊತೆಗೆ ದಾರಿಯ ಬಾವಿಗಳೂ ಬೇಕಿದ್ದವಷ್ಟೆ. ಎಡಿಸನ್ ಉತ್ತಮವಾದ ಬುತ್ತಿಯನ್ನು ಕಟ್ಟಿದನು. ಆದರೆ ಅವನ ಕಾಲದಲ್ಲಿ ದಾರಿಯಲ್ಲಿ ಬಾವಿಗಳಿರಲಿಲ್ಲ. ಅವನ ಕಾರು ನಿಂತುಹೋದದ್ದಕ್ಕೆ ಇದೂ ಒಂದು ಮುಖ್ಯ ಕಾರಣ.

ಎಡಿಸನ್ನನ ಈ ಹತ್ತು ವರ್ಷಗಳನ್ನು ಸೋಲೆಂದು ಕರೆಯಬೇಕೋ ಗೆಲುವೆಂದು ಕರೆಯಬೇಕೋ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ತಾನು ಮುಟ್ಟಬಯಸಿದ ಗುರಿಯನ್ನು ಅವನು ಮುಟ್ಟಲಿಲ್ಲವೆಂಬುದು ನಿಜ. ಛಲವೊಂದಿದ್ದರೆ ಎಲ್ಲವೂ ಕೈಗೂಡುತ್ತದೆಂದು ಹೇಳುವುದು ಸುಲಭ. ಆದರೆ ಛಲಕ್ಕೆ ಕಾಲವೂ ಕೂಡಿಬರಬೇಕೆಂಬುದಕ್ಕೆ ಅವನ ಬಾಳೇ ಸಾಕ್ಷಿ. ಕಾಲ ಕೂಡಿಬರುವುದು ಮನುಷ್ಯನ ಕೈಯಲ್ಲಿಲ್ಲ. ಅವನ ಕೈಯಲ್ಲಿರುವುದು ಕೆಲಸದ ಶ್ರದ್ಧೆ, ಕಂಡ ದೋಷವನ್ನು ಮರೆಮಾಚದ ಪ್ರಾಮಾಣಿಕತೆ. ಅವೆರಡರಲ್ಲಿಯೂ ಎಡಿಸನ್ ಸೋಲಲಿಲ್ಲ. ಒಬ್ಬನು ನೆಟ್ಟ ಮಾವಿನ ಸಸಿಯ ಹಣ್ಣನ್ನು ಮೊಮ್ಮಕ್ಕಳು ತಿನ್ನುವುದು ಲೋಕರೂಢಿ. ನೆಟ್ಟವನು ಹಣ್ಣು ತಿನ್ನಲಿಲ್ಲವೆಂಬ ಕಾರಣಕ್ಕೆ ಅವನು ನೆಟ್ಟದ್ದು ವ್ಯರ್ಥವೆಂದು ಯಾರೂ ಹೇಳುವುದಿಲ್ಲ.